ತಿಜೋರಿಯೊಳಗಿನ ಮದ್ದು

ಆರ್ಲೆನ್ ಹಾಗನ್ ಚಳಿಗೆ ಮುಂಚೆಯೇ ಲಕ್ವ ಹೊಡೆಸಿಕೊಂಡು ಆಸ್ಪತ್ರೆ ಸೇರಿ, ಕ್ರಿಸ್‌ಮಸ್ ಕಳೆದ ಮೇಲೆ ಮನೆಗೆ ಬಂದಾಗ ಅವನ ಬಾಯಲ್ಲಿ ಉಳಿದಿದ್ದ ಮಾತು ಒಂದೇ: ಬ್ರೆಡ್ಡು. ಬೈಗುಳಗಳೂ ಉಳಿದಿದ್ದವು. ಆದರೆ ಅವನ್ನು ಮಾತಿನ ಲೆಕ್ಕಕ್ಕೆ ಹಿಡಿಯಬಾರದು, ಅವು ಮಿದುಳಿನ ಬೇರೆಯೇ ಮೂಲೆಯಿಂದ ಬರುತ್ತವೆ ಎಂದು ಡಾಕ್ಟರು ಹೇಳಿದ್ದರಂತೆ. ನೀರು ಬೇಕಾದರೂ ಬ್ರೆಡ್ಡು, ದಿಂಬು ಸರಿಸಬೇಕಾದರೂ ಬ್ರೆಡ್ಡು. ಅವನ ಹೆಂಡತಿ ಡೊರೀನ್ ಕಣ್ಣು ನೋಡಿ, ಕೈ ನೋಡಿ, ಹೇಗೋ ಅರ್ಥ ಮಾಡಿಕೊಳ್ಳುತ್ತಿದ್ದಳು.

ಒಂದು ಮಾತ್ರ ಅವಳಿಗೆ ಅರ್ಥವಾಗುತ್ತಿರಲಿಲ್ಲ. ನೆಲಮಾಳಿಗೆಯಲ್ಲಿದ್ದ ಸೌದೆ ಒಲೆಗೆ ಕಟ್ಟಿಗೆ ಒಟ್ಟಲು ಅವಳು ಮೆಟ್ಟಿಲ ಬಾಗಿಲು ತೆರೆದರೆ ಸಾಕು, ಆರ್ಲೆನ್ ಮಂಚದ ಮೇಲಿಂದಲೇ ಕಿರುಚಿಕೊಳ್ಳುತ್ತಿದ್ದ. ‘ಬ್ರೆಡ್ಡು! ಬ್ರೆಡ್ಡು!’ ಸ್ವಾಧೀನವಿದ್ದ ಎಡಗೈಯಿಂದ ಮಂಚದ ಕಂಬಿ ಬಡಿಯುತ್ತಿದ್ದ. ಹಸಿವೇನೋ ಎಂದು ಅವಳು ಒಂದು ದಿನ ಬ್ರೆಡ್ಡನ್ನೇ ಬೇಯಿಸಿ, ಬಿಸಿಬಿಸಿಯಾಗಿ ಬೆಣ್ಣೆ ಹಚ್ಚಿ ತಂದುಕೊಟ್ಟಳು. ಅವನು ಅದನ್ನು ಗೋಡೆಗೆ ಎಸೆದ. ಡೊರೀನ್ ಅದನ್ನು ಹೆಕ್ಕುತ್ತ ನೆಲದ ಮೇಲೆಯೇ ಕೂತು ಅತ್ತಳಂತೆ. ಇದನ್ನು ನನಗೆ ಫೋನಿನಲ್ಲಿ ಹೇಳುವಾಗ ಮಾತ್ರ ನಗುತ್ತಿದ್ದಳು.

ನಾನು ಮಾರ್ಲಿಸ್. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ಒಂದೇ ಬೇಲಿ. ಸ್ಕೂಲ್ ಬಸ್ಸು ಓಡಿಸಿ ನಿವೃತ್ತಿಯಾದವಳು, ಗಂಡನನ್ನು ಕಳೆದುಕೊಂಡವಳು. ಮೊಂಟಾನಾದ ಈ ಬಡಗಣ ಬಯಲಿನಲ್ಲಿ ಬೇಲಿ ಹಂಚಿಕೊಂಡವರೆಂದರೆ ನೆಂಟರಿಗಿಂತ ಹೆಚ್ಚು. ಜನವರಿಯ ಒಂದು ಬೆಳಿಗ್ಗೆ ಆರ್ಲೆನ್‌ಗೆ ಮೈ ಒರೆಸಲು ಡೊರೀನ್‌ಗೆ ಸಹಾಯ ಮಾಡೋಣವೆಂದು ಹೊರಟೆ. ಗಾಳಿ ಎದ್ದಿತ್ತು. ನನ್ನ ಗಾಡಿ ಅವರ ಅಂಗಳ ಸೇರುವುದಕ್ಕೂ ಹಿಂದಿನ ರಸ್ತೆ ಬೆಳ್ಳಗೆ ಅಳಿಸಿಹೋಗುವುದಕ್ಕೂ ಸರಿಹೋಯಿತು.

‘ಇವತ್ತು ನೀನು ವಾಪಸು ಹೋಗೋ ಮಾತೇ ಇಲ್ಲ, ಬಾ,’ ಎಂದಳು ಡೊರೀನ್, ನನ್ನ ಕೋಟು ಕೊಡವುತ್ತ. ‘ನಾಳೆನೂ ಇಲ್ಲ ಅಂತ ರೇಡಿಯೋದಲ್ಲಿ ಹೇಳಿದ್ರು.’

‘ಹಾಗಾದ್ರೆ ಊಟಕ್ಕೇನಿದೆ ಅದನ್ನ ಹೇಳು.’

‘ಬ್ರೆಡ್ಡು,’ ಎಂದು ಅವಳು ಗಂಡನ ಕೋಣೆಯ ಕಡೆ ಕಣ್ಣು ಮಿಟುಕಿಸಿದಳು.

ಆರ್ಲೆನ್ ಎಂಥವನೆಂದು ಇಲ್ಲಿ ಹೇಳಿಬಿಡಬೇಕು. ಗೋಧಿ ಬೆಳೆಯುತ್ತಿದ್ದ, ದನ ಸಾಕುತ್ತಿದ್ದ, ಚಳಿಗಾಲಕ್ಕೆ ಮುಂಚೆ ಕಾಡಿಗೆ ಹೋಗಿ ವರ್ಷಕ್ಕಾಗುವಷ್ಟು ಜಿಂಕೆ ಮಾಂಸ ತರುತ್ತಿದ್ದ. ತೋಟಾಗಳನ್ನು ಅಂಗಡಿಯಿಂದ ಕೊಂಡವನಲ್ಲ. ಹಾರಿಸಿದ ತೋಟಾದ ಹಿತ್ತಾಳೆ ಚಿಪ್ಪುಗಳನ್ನು ಹೆಕ್ಕಿ ತಂದು, ಗ್ಯಾರೇಜಿನ ಮೇಜಿನ ಮೇಲೆ ತೊಳೆದು, ತೂಗಿ ಮದ್ದು ತುಂಬಿ, ಗುಂಡು ಕೂರಿಸುತ್ತಿದ್ದ. ನಮ್ಮಲ್ಲಿ ಅರ್ಧ ಊರೇ ಹಾಗೆ ಮಾಡುತ್ತದೆ. ಆದರೆ ಆರ್ಲೆನ್ ಊರಿನ ಅಗ್ನಿಶಾಮಕ ದಳದಲ್ಲೂ ಬಹಳ ವರ್ಷ ಇದ್ದವನು. ಪ್ರತಿ ಶರತ್ಕಾಲದಲ್ಲೂ ದಳದ ಹಾಲ್‌ನಲ್ಲಿ ಬೇಟೆಗಾರರನ್ನು ಕೂರಿಸಿ ಮದ್ದು ಇಡುವ ಬಗೆಯನ್ನು ಹೇಳಿಕೊಡುತ್ತಿದ್ದ. ತಿನ್ನಲು ಹಣ್ಣಿನ ಪೈ ಸಿಗುತ್ತದೆಂದು ನಾವು ಹೆಂಗಸರೂ ಹೋಗುತ್ತಿದ್ದೆವು.

‘ಮನೇಲಿ ಇಪ್ಪತ್ತು ಪೌಂಡು, ಕಂಪನಿ ಡಬ್ಬೀಲೇ. ಬೇರೆ ಬಾಟ್ಲಿಗೆ ಸುರಿಯೋ ಬುದ್ಧಿವಂತಿಕೆ ಬೇಡ,’ ಎನ್ನುತ್ತಿದ್ದ ಅವನು. ‘ಅದಕ್ಕಿಂತ ಜಾಸ್ತಿ ಇದ್ರೆ ಅಂಗುಲ ದಪ್ಪದ ಮರದ ಪೆಟ್ಟಿಗೆ ಮಾಡಿಸಿ. ಐವತ್ತು ಪೌಂಡು ದಾಟಿದ್ರೆ ಅದು ಮನೇಲಿ ಇರೋ ಸಾಮಾನೇ ಅಲ್ಲ. ಒಲೆ, ಹೀಟರು, ಸಿಗರೇಟು ಯಾವುದೂ ಹತ್ರ ಬರಬಾರದು. ಮರ ಯಾಕೆ, ಕಬ್ಬಿಣ ಗಟ್ಟಿ ಅಲ್ವಾ ಅಂತ ಕೇಳ್ತೀರಿ. ಬಯಲಲ್ಲಿ ಸುಟ್ರೆ ಮದ್ದು ಭುಸ್ ಅಂತ ಉರಿದು ಮುಗಿಯತ್ತೆ. ಕಬ್ಬಿಣದೊಳಗೆ ಬಿಗಿದು ಕಾಯಿಸಿದ್ರೆ ಅದು ಮದ್ದಲ್ಲ, ಬಾಂಬು. ಬೆಂಕಿ ಬಿದ್ರೆ ಮರ ಬಿಟ್ಟುಕೊಡತ್ತೆ. ಕಬ್ಬಿಣ ಬಿಗಿ ಹಿಡಿದು ಕೊಲ್ಲತ್ತೆ.’

ಅವನ ಗ್ಯಾರೇಜಿನಲ್ಲಿ ಅಂಥದೇ ಮರದ ಪೆಟ್ಟಿಗೆ ಇತ್ತು. ಊರಿನವರು ಅದನ್ನು ನೋಡಿ ಹೋಗಿ ತಾವೂ ಮಾಡಿಸಿಕೊಂಡಿದ್ದರು.

ಮಧ್ಯಾಹ್ನ ಆರ್ಲೆನ್‌ಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತೆವು. ಹೊರಗೆ ಗಾಳಿ ಮನೆಯನ್ನೇ ಹಿಡಿದು ಅಲ್ಲಾಡಿಸುವಂತಿತ್ತು. ಮಾತು ಎಲ್ಲೆಲ್ಲೋ ಸುತ್ತಿ, ಅರಿಜೋನಾಕ್ಕೆ ಹೊರಟುಹೋದ ನನ್ನ ತಮ್ಮ ವೆಂಡೆಲ್‌ನ ಕಡೆ ಹೊರಳಿತು.

‘ಅವನಿಗೇನು, ಬಿಸಿಲಲ್ಲಿ ಕೂತು ಚಳಿ ಎಷ್ಟಿದೆ ಅಂತ ಫೋನು ಮಾಡಿ ಕೇಳ್ತಾನೆ,’ ಎಂದೆ. ‘ಹೋಗೋವಾಗ ಅವನ ಮದ್ದಿನ ಡಬ್ಬಿಗಳನ್ನೆಲ್ಲ ಆರ್ಲೆನ್ ಕೈಲಿಟ್ಟು ಹೋದ್ನಲ್ಲ. ಸಾಮಾನು ಸಾಗಿಸೋರು ಲಾರೀಗೆ ಏರಿಸಲ್ಲ ಅಂದ್ರಂತೆ.’

ಡೊರೀನ್ ಕಪ್ಪನ್ನು ಕೆಳಗಿಟ್ಟಳು. ‘ಯಾವಾಗ?’

‘ಅಕ್ಟೋಬರಿನಲ್ಲಿ. ಎಂಟೆಂಟು ಪೌಂಡಿನ ಆರು ದೊಡ್ಡ ಡಬ್ಬಿ. ನಾನೇ ನನ್ನ ಗಾಡೀಲಿ ತಂದುಕೊಟ್ಟೆ. ನೀನು ನಿನ್ನ ತಂಗಿ ಮನೆಗೆ ಹೋಗಿದ್ದೆ.’

‘ಗ್ಯಾರೇಜಿನ ಪೆಟ್ಟಿಗೇಲಿ ಆರ್ಲೆನ್‌ನವೇ ಐದು ಡಬ್ಬಿ ಇರೋದು ಮಾರ್ಲಿಸ್, ವೆಂಡೆಲ್‌ನದು ಒಂದೂ ಇಲ್ಲ. ಮೊನ್ನೆ ಸೀಮೆಎಣ್ಣೆ ಹುಡುಕೋವಾಗ ತೆಗೆದು ನೋಡಿದೆ.’

ಕಳೆದ ಶರತ್ಕಾಲದಲ್ಲಿ ಊರಿನಲ್ಲಿ ಯಾರದೋ ಗ್ಯಾರೇಜಿಗೆ ಬೆಂಕಿ ಬಿದ್ದಿತ್ತು. ಅದಾದ ಮೇಲೆ ದಳದ ಈಗಿನ ಮುಖ್ಯಸ್ಥ ಗಸ್ ಪೆಟ್ರಿಚ್, ತೋಟಾ ತುಂಬುವವರ ಮನೆಮನೆಗೂ ಹೋಗಿ ಪೆಟ್ಟಿಗೆ ನೋಡಿ ಬರುತ್ತಿದ್ದ. ಆರ್ಲೆನ್‌ನ ಮನೆಗೂ ಬಂದಿದ್ದ. ಗಸ್‌ಗೆ ಈ ಕೆಲಸ ಕಲಿಸಿದವನೇ ಆರ್ಲೆನ್. ತಾನು ಕಲಿಸಿದ ಹುಡುಗನ ಎದುರು, ಐವತ್ತರ ಮಿತಿಯನ್ನು ತಾನೇ ದಾಟಿ ಸಿಕ್ಕಿಬೀಳುವುದೇ? ಮದ್ದು ಅಂಗಡಿಗಳಲ್ಲಿ ಸಿಗದೆ ಹೋಗಿದ್ದ ಕಾಲ ಬೇರೆ. ಬಂದದ್ದನ್ನು ಬಿಡಲೂ ಮನಸ್ಸಾಗದೆ, ಗಸ್ ನೋಡದ ಕಡೆ ಬಚ್ಚಿಟ್ಟಿರಬೇಕು.

‘ತಿಜೋರಿ,’ ಎಂದಳು ಡೊರೀನ್. ‘ಅದಕ್ಕೇ ನಾನು ಕೆಳಗಿಳಿದ್ರೆ ಕಿರುಚ್ತಿದ್ದ.’

ಬಂದೂಕುಗಳನ್ನಿಡುವ ಉಕ್ಕಿನ ತಿಜೋರಿ ನೆಲಮಾಳಿಗೆಯಲ್ಲಿತ್ತು. ಒಲೆಯ ಪಕ್ಕದಲ್ಲೇ, ಚಾಚಿದ ತೋಳಿನಷ್ಟು ದೂರದಲ್ಲಿ. ಬರೀ ಬಂದೂಕು ಇದ್ದಾಗ ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಬೆಚ್ಚಗಿದ್ದರೆ ತುಕ್ಕು ಹಿಡಿಯುವುದಿಲ್ಲ ಎನ್ನುತ್ತಿದ್ದ ಆರ್ಲೆನ್. ಇಬ್ಬರೂ ಕೆಳಗಿಳಿದೆವು. ಆ ಚಳಿಗೆ ಒಲೆ ಕೆಂಪಗೆ ಕಾದಿತ್ತು. ಡೊರೀನ್ ತಿಜೋರಿಯ ಪಕ್ಕಕ್ಕೆ ಅಂಗೈ ಇಟ್ಟವಳು ತಟಕ್ಕನೆ ತೆಗೆದಳು. ನಾನೂ ಇಟ್ಟು ನೋಡಿದೆ. ಬಿಸಿಗೆ ಕೈ ನಿಲ್ಲುತ್ತಿರಲಿಲ್ಲ.

ಮೇಲೆ ಬಂದು ಅವಳು ಗಂಡನ ಮಂಚದ ಬಳಿ ನಿಂತಳು.

‘ವೆಂಡೆಲ್‌ನ ಮದ್ದು ತಿಜೋರೀಲಿದೆಯಾ?’

ಆರ್ಲೆನ್ ಅವಳನ್ನೇ ನೋಡಿದ. ನೋಡುತ್ತಿದ್ದಂತೆ ಆ ದೊಡ್ಡ ಮುಖ ಕುಸಿದುಬಿತ್ತು. ಹೌದೆಂದು ತಲೆಯಾಡಿಸಿದ. ಅವಳಿಗೆ ಕೊನೆಗೂ ಗೊತ್ತಾಯಿತಲ್ಲ ಎಂಬ ಸಮಾಧಾನಕ್ಕೋ ನಾಚಿಕೆಗೋ, ಮಗುವಿನ ಹಾಗೆ ಬಾಯಿ ತೆರೆದು ಅತ್ತ.

ಡೊರೀನ್ ಗಸ್‌ಗೆ ಫೋನು ಮಾಡಿದಳು. ಪಕ್ಕದಲ್ಲಿದ್ದ ನನಗೂ ಅವನ ದನಿ ಕೇಳುತ್ತಿತ್ತು.

‘ಒಲೆ ಉರೀತಿದೆಯಾ?’

‘ಉರೀತಿದೆ. ಇವನು ಮನೆಗೆ ಬಂದಾಗಿಂದ, ಮೂರು ವಾರ ನಿಲ್ಲಿಸಿಲ್ಲ.’

‘ಡೊರೀನ್, ಇನ್ನೊಂದು ಕಟ್ಟಿಗೆ ಹಾಕಬೇಡಿ. ಗಾಳಿಕಂಡಿ ಮುಚ್ಚಿ, ತಾನಾಗೇ ಆರಲಿ. ಕೆಂಡ ಕೆದಕೋಕೆ ಹೋಗಬೇಡಿ. ತಿಜೋರಿಗೆ ಸುತ್ತಿಗೆ, ಡ್ರಿಲ್ಲು ಯಾವುದೂ ತಾಗಿಸಬೇಡಿ. ಹುಳಿ ವಾಸನೆ ಬಂದ್ರೆ, ಕೆಂಪು ಹೊಗೆ ಏನಾದ್ರೂ ಕಂಡ್ರೆ, ಮದ್ದು ಕೆಡ್ತಿದೆ ಅಂತ ಅರ್ಥ, ಅವರನ್ನ ಎಳ್ಕೊಂಡು ಹೊರಗೆ ಓಡಿ.’

‘ಎಲ್ಲಿಗೆ ಓಡೋದು ಗಸ್? ಬಾಗಿಲು ತೆಗೆದ್ರೆ ಕೈ ಕಾಣಲ್ಲ.’

‘ಗೊತ್ತು. ಹಿಮ ತಳ್ಳೋ ಗಾಡಿ ಎರಡು ಸಲ ಹೊರಟು ವಾಪಸು ಬಂತು. ಗಾಳಿ ನಿಂತ ಕೂಡ್ಲೇ ನಾನೇ ಬರ್ತೀನಿ. ತಿಜೋರಿ ನಂಬರು ಗೊತ್ತಾ ನಿಮಗೆ?’

‘ಅವನಿಗೆ ಗೊತ್ತು,’ ಎಂದಳು ಡೊರೀನ್.

ಒಲೆಯ ಗಾಳಿಕಂಡಿ ಮುಚ್ಚಿದೆವು. ಸಂಜೆಯ ಹೊತ್ತಿಗೆ ಕರೆಂಟೂ ಹೋಯಿತು. ಅಡುಗೆ ಒಲೆಯೂ ಕರೆಂಟಿನದೇ ಆದ್ದರಿಂದ ಬಿಸಿ ಎಂಬುದು ಆ ಮನೆಯಿಂದಲೇ ಹೊರಟುಹೋಯಿತು. ಆರ್ಲೆನ್‌ನ ಮೇಲೆ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿ, ಅವನ ಎರಡೂ ಪಕ್ಕ ನಾವಿಬ್ಬರೂ ಕೋಟು ಸಮೇತ ಮಲಗಿದೆವು. ಬೆಳಗಾಗುವಾಗ ಲೋಟದ ನೀರಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಆರ್ಲೆನ್ ನಡುಗುತ್ತಿದ್ದ. ಎದೆಯಲ್ಲಿ ಗೊರಗೊರ ಸದ್ದು ಶುರುವಾಗಿತ್ತು. ಆಸ್ಪತ್ರೆಯಲ್ಲಿ ಅವನಿಗೆ ಒಮ್ಮೆ ಎದೆಗೆ ನೀರಿಳಿದಿತ್ತು. ಇನ್ನೊಮ್ಮೆ ಹಾಗಾದರೆ ಉಳಿಯುವುದು ಕಷ್ಟ ಎಂದಿದ್ದರು.

‘ಸಣ್ಣದಾಗಿ ಒಂದು ಬೆಂಕಿ ಹಾಕ್ತೀನಿ,’ ಎಂದಳು ಡೊರೀನ್. ‘ನಾಲ್ಕೇ ಕಡ್ಡಿ.’

‘ಮೂರು ವಾರ ಬೆಂದ ಮದ್ದು ಅದು. ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು?’

‘ಹಾಗಾದ್ರೆ ಇವನು ಸೆಟೆದು ಸಾಯೋದನ್ನ ನೋಡ್ತಾ ಕೂತಿರ್ಲಾ?’

ಅವಳು ಕಾಗದದ ಮೇಲೆ ಅಂಕಿಗಳನ್ನು ದೊಡ್ಡದಾಗಿ ಬರೆದು ಗಂಡನ ಮುಂದೆ ಹಿಡಿದಳು. ‘ತೋರಿಸು. ಮೊದಲನೇದು ಯಾವುದು?’ ಅವನ ಬೆರಳು ಏಳರ ಮೇಲೆ ಹೋಯಿತು. ಮತ್ತೆ ಕೇಳಿದಾಗ ಎರಡರ ಮೇಲೆ. ಆಮೇಲೆ ಸೊನ್ನೆ. ತಪ್ಪು ತೋರಿಸುತ್ತಿದ್ದೇನೆಂದು ಅವನಿಗೇ ತಿಳಿಯುತ್ತಿತ್ತು. ತಲೆ ಕೊಡವುತ್ತಿದ್ದ. ‘ಬ್ರೆಡ್ಡು, ಬ್ರೆಡ್ಡು, ಬ್ರೆಡ್ಡು,’ ಎಂದ, ಮೂರು ಅಂಕಿ ಹೇಳುವ ಹಾಗೆ ನಡುನಡುವೆ ನಿಲ್ಲಿಸಿ. ನಂಬರು ಅವನ ಒಳಗೇ ಇತ್ತು. ಹೊರಗೆ ಬರಲು ಅದಕ್ಕೆ ದಾರಿ ಇರಲಿಲ್ಲ.

ಡೊರೀನ್ ಕಾಗದವನ್ನು ಮುದುರಿ ಎಸೆದಳು.

‘ನಲವತ್ತು ವರ್ಷ ಸಂಸಾರ ಮಾಡಿದೀನಿ ನಿನ್ನ ಜೊತೆ! ಒಂದು ನಂಬರು ಹೇಳೋಕಾಗ್ಲಿಲ್ವಾ ಬಾಯಿದ್ದಾಗ? “ನಿನಗ್ಯಾಕೆ ಅದೆಲ್ಲ” ಅಂದೆ. ಊರಿಗೆಲ್ಲ ಬುದ್ಧಿ ಹೇಳೋನು, ನನ್ನ ಹಾಸಿಗೆ ಕೆಳಗೆ ಬಾಂಬಿಟ್ಟು ಮಲಗಿಸಿದೆಯಲ್ಲೋ! ಯಾಕೆ? ಗಸ್ ಮುಂದೆ ಮುಖ ಸಣ್ಣದಾಗತ್ತೆ ಅಂತ. ನಾನು ಸತ್ರೂ ಪರವಾಗಿಲ್ಲ, ನಿನ್ನ ಮುಖ ಉಳೀಬೇಕು!’

ಆರ್ಲೆನ್ ಒಂದು ಬೈಗುಳ ಆಡಿದ. ಅದು ಸ್ಪಷ್ಟವಾಗಿ ಬಂತು. ಅವಳನ್ನಲ್ಲ, ತನ್ನನ್ನೇ ಬೈದುಕೊಂಡದ್ದೆಂದು ಇಬ್ಬರಿಗೂ ತಿಳಿಯಿತು. ಡೊರೀನ್ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ನಿಂತಳು.

‘ಕೆಳಗೆ ಕರ್ಕೊಂಡು ಹೋಗೋಣ,’ ಎಂದೆ ನಾನು. ‘ಬಾಯಿಗೆ ಬರದೇ ಇರೋದು ಕೈಗೆ ಬರಬಹುದು. ಎಷ್ಟು ಸಾವಿರ ಸಲ ತೆಗೆದಿದಾನೋ ಅದನ್ನ.’

‘ನಮ್ಮಿಬ್ಬರಿಂದ ಇವನನ್ನ ಮತ್ತೆ ಮೇಲೆ ತರೋಕಾಗಲ್ಲ.’

‘ಇಲ್ಲ. ಆಗಲ್ಲ.’

ಅವಳು ಗಂಡನ ಕಡೆ ತಿರುಗಿ, ‘ಕೇಳಿಸ್ತಾ? ಇಳಿದ್ರೆ ಇಳಿದ ಹಾಗೆ. ಹೋಗೋಣ್ವಾ?’ ಎಂದಳು. ಅವನು ಎಡಗೈಯಿಂದ ಕಂಬಳಿಯನ್ನು ತಾನೇ ಸರಿಸಿದ.

ಹಿಮದಲ್ಲಿ ಹುಟ್ಟಿದ ಕರುಗಳನ್ನು ಕೊಟ್ಟಿಗೆಗೆ ಎಳೆದು ತರುವ ಚಕ್ರವಿಲ್ಲದ ಪ್ಲಾಸ್ಟಿಕ್ ಜಾರುಗಾಡಿಯೊಂದು ಹಿಂಬಾಗಿಲ ಬಳಿ ಇತ್ತು. ಅದಕ್ಕೆ ಹಾಸಿಗೆ ಹಾಸಿ, ಆರ್ಲೆನ್‌ನನ್ನು ಉರುಳಿಸಿ ಮಲಗಿಸಿ, ಬೆಲ್ಟುಗಳಿಂದ ಬಿಗಿದೆವು. ಡೊರೀನ್ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಮೇಲೆ ಕೂತಳು. ನಾನು ಕೆಳಗೆ ನಿಂತು ಭುಜ ಕೊಟ್ಟು ತಡೆದೆ. ಒಂದೊಂದು ಮೆಟ್ಟಿಲಿಗೂ ಅವನ ತಲೆ ದಡಕ್ಕೆಂದು ಕುಲುಕುತ್ತಿತ್ತು. ಪ್ರತಿ ಕುಲುಕಿಗೂ ಒಂದು ಬೈಗುಳ. ನಡುವೆ ಒಮ್ಮೆ ಹಗ್ಗ ಜಾರಿ ಅಷ್ಟೂ ಭಾರ ನನ್ನ ಮೇಲೆ ಬಂದಾಗ ಇಲ್ಲೇ ಮುಗಿಯಿತು ಎಂದುಕೊಂಡೆ. ಡೊರೀನ್ ಹೇಗೋ ಹಿಡಿದಳು.

ಒಲೆ ತಣ್ಣಗಾಗಿತ್ತು. ತಿಜೋರಿಯೂ ತಣ್ಣಗಾಗಿತ್ತು. ಸಣ್ಣ ಕಿಟಕಿಯ ಹೊರಗೆ ಹಿಮ ಏರಿದ್ದರಿಂದ ಒಳಗೆಲ್ಲ ಬೂದು ಬೆಳಕು. ಟಾರ್ಚು ಹಿಡಿದು, ಆರ್ಲೆನ್‌ನನ್ನು ತಿಜೋರಿಯ ಎದುರು ಎತ್ತಿ ಕೂರಿಸಿ ಬೆನ್ನಿಗೆ ನಾನು ಆನಿಕೊಂಡೆ. ಅವನು ಎಡಗೈ ಚಾಚಿ ಅಂಕಿಗಳ ತಿರುಗಣೆಯನ್ನು ಹಿಡಿದ. ತಿರುಗಿಸಿದ. ಬೆರಳು ನಡುಗಿ ಎಲ್ಲೋ ದಾಟಿಹೋಯಿತು. ಮತ್ತೆ ಮೊದಲಿಂದ. ಮತ್ತೆ ದಾಟಿತು. ಜೀವಮಾನವಿಡೀ ಬಲಗೈಯಲ್ಲಿ ಮಾಡಿದ ಕೆಲಸ ಅದು. ಎಡಗೈಗೆ ಏನೂ ಗೊತ್ತಿರಲಿಲ್ಲ. ಅವನು ತಿಜೋರಿಗೆ ಗುದ್ದಿದ. ಗುದ್ದಿದ್ದಕ್ಕೆ ನಾವಿಬ್ಬರೂ ಬೆಚ್ಚಿ ಹಿಂದೆ ಸರಿದೆವು. ನಾನು ಬಿಟ್ಟದ್ದರಿಂದ ಅವನು ಪಕ್ಕಕ್ಕೆ ವಾಲಿಬಿದ್ದ.

ಮತ್ತೆ ಎತ್ತಿ ಕೂರಿಸುವಾಗ ಅವನು ಡೊರೀನ್‌ಳ ಮಣಿಕಟ್ಟು ಹಿಡಿದುಕೊಂಡ. ಬಿಡಲಿಲ್ಲ. ಅವಳ ಕೈಯನ್ನು ಎಳೆದು ತಿರುಗಣೆಯ ಮೇಲಿಟ್ಟ.

‘ನಾನು ತಿರುಗಿಸಬೇಕಾ?’

ಅವನು ಮಣಿಕಟ್ಟನ್ನು ಒಂದು ಕಡೆಗೆ ತಳ್ಳಿದ. ಅವಳು ಆ ಕಡೆಗೆ ನಿಧಾನವಾಗಿ ತಿರುಗಿಸತೊಡಗಿದಳು. ಆರ್ಲೆನ್‌ನ ಕಣ್ಣು ಅಂಕಿಗಳ ಮೇಲೇ ಇತ್ತು. ಸುತ್ತು ಸುತ್ತು ತಿರುಗಿದ ಮೇಲೆ ಇದ್ದಕ್ಕಿದ್ದಂತೆ ಅವನು ಅವಳ ಕೈ ಹಿಸುಕಿದ. ಅವಳು ನಿಲ್ಲಿಸಿದಳು. ಅವನು ಈಗ ಇನ್ನೊಂದು ಕಡೆಗೆ ತಳ್ಳಿದ. ಹೇಳಲು ಬಾರದ, ಬೆರಳಿಟ್ಟು ತೋರಿಸಲೂ ಬಾರದ ಅಂಕಿಯನ್ನು ಅವನು ಎದುರಿಗೆ ಬಂದಾಗ ಗುರುತಿಸುತ್ತಿದ್ದ. ಮೊದಲ ಸಲ ತಿಜೋರಿ ತೆರೆಯಲಿಲ್ಲ. ಅವಳು ಒಂದು ಗೆರೆಯಷ್ಟು ಮುಂದೆ ಹೋಗಿಬಿಟ್ಟಿದ್ದಳು. ‘ತಾಳು, ತಾಳು, ಬೈಬೇಡ, ಇನ್ನೊಂದ್ಸಲ,’ ಎಂದಳು. ಎರಡನೆಯ ಸಲ ಹಿಡಿ ಕೆಳಗಿಳಿಯಿತು.

ಡೊರೀನ್ ಬಾಗಿಲು ಎಳೆದು ತೆರೆದಳು. ಕೆಂಪು ಹೊಗೆ ಇರಲಿಲ್ಲ. ಬಂದೂಕಿನ ಎಣ್ಣೆಯ ವಾಸನೆ, ಅದರ ಕೆಳಗೆ ಇನ್ನೊಂದು ಸಣ್ಣ ವಾಸನೆ, ಹುಳಿಯೋ ಅಲ್ಲವೋ ಹೇಳಲಾರದಂಥದ್ದು. ನನ್ನ ತಮ್ಮನ ಆರೂ ಡಬ್ಬಿಗಳು ಬಂದೂಕುಗಳ ಬುಡದಲ್ಲಿ ಸಾಲಾಗಿದ್ದವು. ಒಲೆಯ ಕಡೆಗಿದ್ದ ಪ್ಲಾಸ್ಟಿಕ್ ಡಬ್ಬಿಯ ಭುಜ ಮೆತ್ತಗಾಗಿ ಒಳಕ್ಕೆ ಕುಸಿದಿತ್ತು.

ಡೊರೀನ್ ಆ ಡಬ್ಬಿಯನ್ನು ಮೊದಲು ಎತ್ತಿಕೊಂಡಳು. ಒಂದೊಂದಾಗಿ ಆರನ್ನೂ ಮೇಲೆ ಹೊತ್ತು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗಿನ ಹಿಮದಲ್ಲಿ ಅಂಗಳದ ದೀಪದ ಕಂಬದಾಚೆ ಹೂತಿಟ್ಟಳು. ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಕೊನೆಯ ಸಲ ಅವಳು ಹೊರಗೆ ಬಹಳ ಹೊತ್ತು ಉಳಿದಳು. ಎಳೆದೆ. ಹಗ್ಗ ಬಿಗಿಯಾಗಿಯೇ ಇತ್ತು. ಅವಳು ಅಲ್ಲಿ ಸುಮ್ಮನೆ ನಿಂತಿದ್ದಳು. ಆಮೇಲೆ ಬಂದಳು.

ನೆಲಮಾಳಿಗೆಯ ಗಾಳಿ ತಿಳಿಯಾಗಲು ಸ್ವಲ್ಪ ಹೊತ್ತು ಬಿಟ್ಟು ಒಲೆ ಹಚ್ಚಿದೆವು. ಮೇಲೆ ಹೋಗಲಾಗದ ಆರ್ಲೆನ್‌ನ ಜೊತೆ ಆ ಹಗಲು, ಆ ರಾತ್ರಿ ಅಲ್ಲೇ ಒಲೆಯ ಮುಂದೆ ಕಳೆದೆವು. ಡಬ್ಬದ ಬೀನ್ಸ್ ಕಾಳು ಬಿಸಿ ಮಾಡಿ ತಿಂದೆವು. ಡೊರೀನ್ ಅವನಿಗೆ ತಿನ್ನಿಸಿದಳು, ಬಾಯಿ ಒರೆಸಿದಳು, ಮುಖ ನೋಡಲಿಲ್ಲ. ತಿಜೋರಿಯ ನಂಬರು ಏನಾಗಿತ್ತೆಂದು ನಾನು ಕೇಳಿದೆ. ‘ಏನೂ ಅಲ್ಲ,’ ಎಂದಳು. ‘ಅಂಗಡಿಯವನು ಹಾಕಿಕೊಟ್ಟ ನಂಬರು ಇರಬೇಕು. ತಿರುಗಿಸೋವಾಗ ನಮ್ಮ ಮದುವೆ ತಾರೀಖೇನೋ ಅಂದುಕೊಂಡಿದ್ದೆ, ಹುಚ್ಚಿ.’

ಮರುದಿನ ಗಾಳಿ ನಿಂತಿತು. ಗಸ್ ಹಿಮ ತಳ್ಳುವ ಗಾಡಿಯ ಹಿಂದೆಯೇ ಬಂದ. ದಳದ ನಾಲ್ಕು ಜನ ಹುಡುಗರು ಆರ್ಲೆನ್‌ನನ್ನು ಮೇಲೆ ಎತ್ತಿ ತಂದು ಗಸ್‌ನ ಗಾಡಿಯಲ್ಲಿ ಕೂರಿಸಿದರು. ಬೆಂದ ಮದ್ದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಗಸ್ ಅದನ್ನು ಮನೆಯಿಂದ ದೂರ, ಬಯಲಿನಲ್ಲಿ ತೆಳ್ಳಗೆ ಉದ್ದಕ್ಕೆ ಸುರಿದು, ಸ್ವಲ್ಪ ಸ್ವಲ್ಪವಾಗಿ ಸುಟ್ಟ. ಆರ್ಲೆನ್ ಗಾಡಿಯ ಕಿಟಕಿಯಿಂದ ನೋಡುತ್ತಿದ್ದ. ಹಳದಿ ಜ್ವಾಲೆ ಭುಸ್ಸೆಂದು ಸಾಲುದ್ದ ಓಡಿ ಆರಿಹೋಗುತ್ತಿತ್ತು. ಅಷ್ಟೇ.

ಗಸ್ ಕಿಟಕಿಯ ಬಳಿ ಬಂದ. ‘ಮೇಷ್ಟ್ರೇ, ಈ ಸಲ ಹಾಲ್‌ನಲ್ಲಿ ಭಾಷಣ ನಾನೇ ಮಾಡ್ಬೇಕಾಗತ್ತೆ. ಇದನ್ನ ಹೇಳ್ಲಾ? ಹೆಸರು ಬಿಟ್ಟು ಬೇಕಾದ್ರೂ ಹೇಳ್ತೀನಿ.’

ಆರ್ಲೆನ್ ಸುಟ್ಟ ಸಾಲನ್ನು ನೋಡಿದ. ಆಮೇಲೆ ಎಡಗೈಯ ಹೆಬ್ಬೆರಳಿನಿಂದ ತನ್ನ ಎದೆ ಮುಟ್ಟಿಕೊಂಡ. ಹೆಸರು ಸೇರಿಸಿಯೇ ಹೇಳು ಎಂದು.

ಫೆಬ್ರವರಿಯಲ್ಲಿ ಡೊರೀನ್ ಊರೊಳಗೆ ಸಣ್ಣ ಬಾಡಿಗೆ ಮನೆ ಹಿಡಿದಳು. ಅವನು ಒಪ್ಪಲಿಲ್ಲ, ಕಂಬಿ ಬಡಿದ. ‘ಈ ಸಲ ನಿನ್ನನ್ನ ಕೇಳ್ತಿಲ್ಲ,’ ಎಂದಳು. ದನಗಳನ್ನು ಮಾರಿದಳು. ವಾರಕ್ಕೆರಡು ಸಲ ಮಾತು ಕಲಿಸುವವರು ಬರತೊಡಗಿದರು. ಬೇಸಿಗೆ ಹೊತ್ತಿಗೆ ಅವನಿಗೆ ಕೋಲು ಹಿಡಿದು ನಡೆಯಲು ಬಂತು. ಹತ್ತಿಪ್ಪತ್ತು ಮಾತೂ ಬಂದವು. ಡೊರೀನ್ ಎಂಬುದು ಅದರಲ್ಲಿ ತಡವಾಗಿ ಬಂತು.

ಅಕ್ಟೋಬರಿನಲ್ಲಿ ಗಸ್ ಹಾಲ್‌ನಲ್ಲಿ ಎಲ್ಲವನ್ನೂ ಹೇಳಿದ. ಆರ್ಲೆನ್ ಮುಂದಿನ ಸಾಲಿನಲ್ಲೇ ಕೂತಿದ್ದ. ಡೊರೀನ್ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಗಾಡಿಯಲ್ಲಿ ಒಬ್ಬಳೇ ಕೂತಿದ್ದಳು. ನಾನೂ ಹತ್ತಿ ಪಕ್ಕದಲ್ಲಿ ಕೂತೆ.

‘ಕ್ಷಮಿಸಿದೀಯಾ ಅಂತ ಎಲ್ಲರೂ ಕೇಳ್ತಾರೆ,’ ಎಂದಳು. ‘ನನಗೆ ಗೊತ್ತಿಲ್ಲ ಮಾರ್ಲಿಸ್. ನಾನು ಅದರ ಮೇಲೆ ಮೂರು ವಾರ ಗೊತ್ತಿಲ್ದೆ ಮಲಗಿದ್ದೆ, ಅವನು ಗೊತ್ತಿದ್ದೂ ಮಲಗಿದ್ದ. ನಾನು ಪ್ರತಿ ಸಲ ಕಟ್ಟಿಗೆ ಹಾಕೋಕೆ ಹೋಗೋದನ್ನ ನೋಡ್ತಾ ಮಲಗಿದ್ದ. ಒಂದೊಂದು ದಿನ ಅದನ್ನ ನೆನೆಸ್ಕೊಂಡ್ರೆ ಪಾಪ ಅನ್ಸತ್ತೆ. ಒಂದೊಂದು ದಿನ ಅನ್ಸಲ್ಲ.’

ಹಾಲ್‌ನ ಬಾಗಿಲು ತೆರೆಯಿತು. ಜನ ಹೊರಬಂದರು, ಅವರ ನಡುವೆ ಆರ್ಲೆನ್, ಕೋಲೂರಿ, ಮೆಟ್ಟಿಲ ತುದಿಯಲ್ಲಿ ನಿಂತು ಗಾಡಿಗಳ ಸಾಲಿನಲ್ಲಿ ತಮ್ಮದನ್ನು ಹುಡುಕುತ್ತಿದ್ದ. ಮೆಟ್ಟಿಲ ಮೇಲೆ ಆಗಲೇ ಮಂಜು ಕಟ್ಟಿತ್ತು.

‘ಬೀಳ್ತಾನೆ ಇವನು,’ ಎಂದು ಡೊರೀನ್ ಗಾಡಿಯಿಂದಿಳಿದು ಹೋದಳು.